ಮನೆಯಲ್ಲೇ ಸೊಪ್ಪು, ತರಕಾರಿ, ಹೂವು: ಕುಂಡದಲ್ಲಿ ಮೊದಲ ಸಲ ಬೆಳೆಯುವವರಿಗೆ ಸಮಗ್ರ ಮಾರ್ಗದರ್ಶಿ

ಕೊತ್ತಂಬರಿ ಹುಟ್ಟಲೇ ಇಲ್ಲ. ಟೊಮೆಟೊ ಹೂವೆಲ್ಲ ಉದುರಿತು. ನರ್ಸರಿಯಿಂದ ತಂದ ಸೇವಂತಿಗೆ ಎರಡೇ ವಾರಕ್ಕೆ ಒಣಗಿತು. ಕುಂಡದಲ್ಲಿ ಗಿಡ ಮಾಡಲು ಹೊರಟವರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತುಗಳಿವು. ಒಂದೊಂದಕ್ಕೂ ಒಂದೊಂದು ಔಷಧಿ ಹುಡುಕುತ್ತಾರೆ. ಆದರೆ ಬಹಳಷ್ಟು ಸಲ ತಪ್ಪು ನಡೆದಿರುವುದು ಗಿಡ ಮನೆಗೆ ಬರುವ ಮುಂಚೆಯೇ. ಮೊದಲು ಗಿಡ ಕೊಳ್ಳುತ್ತಾರೆ, ಆಮೇಲೆ ಕುಂಡ ಹುಡುಕುತ್ತಾರೆ, ಸಿಕ್ಕ ಮಣ್ಣು ತುಂಬುತ್ತಾರೆ, ಕೊನೆಗೆ ಖಾಲಿ ಇದ್ದ ಮೂಲೆಯಲ್ಲಿ ಇಡುತ್ತಾರೆ. ಈ ಕ್ರಮ ಪೂರ್ತಿ ತಿರುಗಬೇಕು. ಬಿಸಿಲು ಮೊದಲು, ನಂತರ ಕಾಲ, ಕುಂಡ, ಮಣ್ಣು. ಗಿಡ ಕಟ್ಟಕಡೆಗೆ.

ಇಲ್ಲಿರುವ ದಿನಗಳ ಲೆಕ್ಕ ಬೆಂಗಳೂರು–ಮೈಸೂರು ಕಡೆಯ ಹವೆಗೆ ಹೊಂದುವಂಥದ್ದು. ಕರಾವಳಿಗೆ, ಉತ್ತರದ ಬಯಲುಸೀಮೆಗೆ ಬದಲಾಗುವುದನ್ನು ಅಲ್ಲಲ್ಲೇ ಹೇಳಿದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಚಿಕ್ಕ ಕರಣೆ, ಹರಿತವಾದ ಕತ್ತರಿ, 1 ಲೀಟರ್‌ನ ಕೈ ಸ್ಪ್ರೇಯರ್, ತೂತಿನ ಮೂತಿಯ ನೀರಿನ ಕ್ಯಾನ್, ಮಣ್ಣು ಕಲಸಲು ಹಳೆಯ ಟಾರ್ಪಾಲ್ ಅಥವಾ ಗೋಣಿ, 4 ಅಡಿಯ ಬಿದಿರು ಕಡ್ಡಿಗಳು, ಕಟ್ಟಲು ಹಳೆಯ ಹತ್ತಿ ಬಟ್ಟೆಯ ಪಟ್ಟಿ. ಕ್ಯಾನ್ ಇಲ್ಲದಿದ್ದರೆ ನೀರಿನ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ಹತ್ತು ತೂತು ಹಾಕಿದರೂ ನಡೆಯುತ್ತದೆ. ಅಂಗಡಿಯಲ್ಲಿ ಮಾರುವ ಹನ್ನೆರಡು ಉಪಕರಣಗಳ ಪೆಟ್ಟಿಗೆ ಬೇಡ. ಆ ದುಡ್ಡನ್ನು ಒಳ್ಳೆಯ ಗೊಬ್ಬರಕ್ಕೆ ಹಾಕಿ.

## ಹಂತ 1: ಬಿಸಿಲನ್ನು ಗಂಟೆಯ ಲೆಕ್ಕದಲ್ಲಿ ಅಳೆಯಿರಿ

ಒಂದು ರಜಾದಿನವನ್ನು ಇದಕ್ಕೇ ಇಟ್ಟುಕೊಳ್ಳಿ. ಬೆಳಿಗ್ಗೆ 8, 10, ಮಧ್ಯಾಹ್ನ 12, 2, ಸಂಜೆ 4 ಗಂಟೆಗೆ ಬಾಲ್ಕನಿ ಅಥವಾ ತಾರಸಿಯ ಯಾವ ಭಾಗಕ್ಕೆ ನೇರ ಬಿಸಿಲು ಬಿದ್ದಿದೆ ಎಂದು ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೈ ಚಾಚಿದರೆ ಅಂಚು ಸ್ಪಷ್ಟವಾಗಿರುವ ನೆರಳು ಬೀಳಬೇಕು. ಅಂಥ ಬಿಸಿಲು ಮಾತ್ರ ಲೆಕ್ಕಕ್ಕೆ. ‘ಬೆಳಕು ಚೆನ್ನಾಗಿ ಬರುತ್ತೆ’ ಎನ್ನುವುದು ಮನುಷ್ಯರ ಕಣ್ಣಿಗೆ ಸಾಕು, ಟೊಮೆಟೊಗೆ ಸಾಲದು.

6 ಗಂಟೆ ಅಥವಾ ಹೆಚ್ಚು ನೇರ ಬಿಸಿಲಿದ್ದರೆ ಟೊಮೆಟೊ, ಮೆಣಸಿನಕಾಯಿ, ಬೆಂಡೆ, ಬದನೆ, ಚೆಂಡುಹೂ ಆಗುತ್ತವೆ. 3ರಿಂದ 4 ಗಂಟೆ ಇದ್ದರೆ ಮೆಂತ್ಯ, ದಂಟು, ಪಾಲಕ್, ಕೊತ್ತಂಬರಿ. 2–3 ಗಂಟೆಯ ಎಳೆ ಬಿಸಿಲಷ್ಟೇ ಇದ್ದರೆ ಪುದೀನ, ದೊಡ್ಡಪತ್ರೆ. ಅದಕ್ಕಿಂತ ಕಡಿಮೆ ಇರುವ ಕಡೆ ತರಕಾರಿಯ ಆಸೆ ಬಿಡುವುದು ಒಳ್ಳೆಯದು.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯವಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಕರೆಯುವುದು ಇದನ್ನೇ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ಜನವರಿಯಲ್ಲಿ ಬಿಸಿಲು ಸುರಿಯುವ ದಕ್ಷಿಣದ ಬಾಲ್ಕನಿಗೆ ಜೂನ್‌ನಲ್ಲಿ ನೇರ ಬಿಸಿಲು ಇಲ್ಲವೆನ್ನುವಷ್ಟು ಕಡಿಮೆ. ‘ಹೋದ ಸಲ ಇದೇ ಜಾಗದಲ್ಲಿ ಚೆನ್ನಾಗಿ ಬಂದಿತ್ತು’ ಎನ್ನುವವರ ಗಿಡ ಮುಂದಿನ ಸಲ ಸೊರಗುವುದು ಇದರಿಂದಲೇ. ವರ್ಷಕ್ಕೆ ಎರಡು ಸಲವಾದರೂ, ಡಿಸೆಂಬರ್ ಮತ್ತು ಜೂನ್‌ನಲ್ಲಿ, ಸೀಮೆಸುಣ್ಣದ ಗುರುತು ಹೊಸದಾಗಿ ಹಾಕಿ.

## ಹಂತ 2: ಕಾಲ ನೋಡಿ ಬೆಳೆ ಆರಿಸಿ

ಮೊದಲ ಸಲಕ್ಕೆ ನಾಲ್ಕೇ ಬೆಳೆ ಸಾಕು: ಮೆಂತ್ಯ, ಪುದೀನ, ಒಂದು ಮೆಣಸಿನಗಿಡ, ಎರಡು ಚೆಂಡುಹೂ. ಮೆಂತ್ಯ 25–30 ದಿನಕ್ಕೇ ಕೈಗೆ ಬರುವುದರಿಂದ ಉತ್ಸಾಹ ಉಳಿಯುತ್ತದೆ. ಟೊಮೆಟೊ ಎರಡನೆಯ ಸುತ್ತಿಗೆ ಇರಲಿ. ಕುಂಡದ ಬೆಳೆಗಳಲ್ಲಿ ಹೆಚ್ಚು ನೀರು, ಹೆಚ್ಚು ಗೊಬ್ಬರ, ಹೆಚ್ಚು ಕಾವಲು ಕೇಳುವುದು ಅದೇ.

ಹಳೆ ಮೈಸೂರು ಕಡೆ ಶುರು ಮಾಡಲು ಎರಡು ಒಳ್ಳೆಯ ಹೊತ್ತುಗಳಿವೆ: ಜೂನ್–ಜುಲೈ ಒಂದು, ಅಕ್ಟೋಬರ್ ಕೊನೆಯ ಮಳೆ ಮುಗಿದ ಮೇಲೆ ಇನ್ನೊಂದು. ಕರಾವಳಿಯಲ್ಲಿ ಜೂನ್–ಜುಲೈನ ಜಡಿಮಳೆ ಎಳೆಯ ಸಸಿಗಳನ್ನು ಕೊಳೆಸುತ್ತದೆ. ಅಲ್ಲಿ ಬೆಂಡೆ, ಹೀರೆಗಳನ್ನು ಮಳೆ ಹಿಡಿಯುವ ಮುಂಚೆ ಮೇ ಕೊನೆಗೆ ಹಾಕಬೇಕು. ಉಳಿದ ತರಕಾರಿ ಸೆಪ್ಟೆಂಬರ್ ನಂತರ. ಕಲಬುರಗಿ, ರಾಯಚೂರು ಕಡೆಯವರು ಏಪ್ರಿಲ್–ಮೇನಲ್ಲಿ ಹೊಸದಾಗಿ ಏನನ್ನೂ ಶುರು ಮಾಡಬೇಡಿ. 40 ಡಿಗ್ರಿ ದಾಟಿದಾಗ ಕಪ್ಪು ಕುಂಡದೊಳಗೆ ಬೇರು ಬೆಂದೇ ಹೋಗುತ್ತದೆ.

ಕೊತ್ತಂಬರಿಯ ವಿಷಯ ಪ್ರತ್ಯೇಕ. 30 ಡಿಗ್ರಿಗಿಂತ ಹೆಚ್ಚು ಕಾವಿನಲ್ಲಿ ಅದು ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಓಡುತ್ತದೆ. ಬೇಸಿಗೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಸೊಪ್ಪು ಸಿಗುವುದೇ ಇಲ್ಲ.

## ಹಂತ 3: ಕುಂಡದ ಅಳತೆ ಮತ್ತು ತೂತು

ಸೊಪ್ಪಿಗೆ ಆಳ ಬೇಡ, ಅಗಲ ಬೇಕು: 6 ಇಂಚು ಆಳ, 12 ಇಂಚು ಅಗಲ, 18 ಇಂಚು ಉದ್ದದ ಟ್ರೇ ಸಾಕು. ಮೆಣಸಿನಕಾಯಿಗೆ 10 ಇಂಚಿನ ಕುಂಡ. ಟೊಮೆಟೊ, ಬದನೆಗೆ ಕನಿಷ್ಠ 12 ಇಂಚು, ಒಂದು ಕುಂಡಕ್ಕೆ ಒಂದೇ ಗಿಡ. ಬೆಂಡೆಯಾದರೆ ಅದೇ ಅಳತೆಯಲ್ಲಿ ಎರಡು. ಚೆಂಡುಹೂವಿಗೆ 8 ಇಂಚು, ಸೇವಂತಿಗೆಗೆ 8ರಿಂದ 10.

20 ಲೀಟರ್‌ನ ಖಾಲಿ ಪೇಂಟ್ ಬಕೆಟ್ ಟೊಮೆಟೊಗೆ ಹೇಳಿ ಮಾಡಿಸಿದಂತಿರುತ್ತದೆ. ಚೆನ್ನಾಗಿ ತೊಳೆದು, ಕಾಯಿಸಿದ ಕಂಬಿಯಿಂದ ತಳದಲ್ಲಿ ಪೆನ್ಸಿಲ್ ದಪ್ಪದ ಆರು ತೂತು ಹಾಕಿ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕುಂಡಗಳ ತೂತು ಎಷ್ಟೋ ಸಲ ಪೂರ್ತಿ ತೆರೆದಿರುವುದಿಲ್ಲ. ತಳ ತಿರುಗಿಸಿ ಬೆಳಕಿಗೆ ಹಿಡಿದು ನೋಡದೆ ಮಣ್ಣು ತುಂಬಬೇಡಿ.

ತಳದಲ್ಲಿ ಜಲ್ಲಿ ಹಾಸಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಆಗುವುದು ಬೇರೆ: ಮಣ್ಣು ಮತ್ತು ಜಲ್ಲಿ ಸೇರುವ ಕಡೆ ನೀರು ಕೆಳಗಿಳಿಯದೆ ನಿಲ್ಲುತ್ತದೆ, ಬೇರಿಗೆ ಸಿಗುವ ಮಣ್ಣಿನ ಆಳವೂ ಕಡಿಮೆಯಾಗುತ್ತದೆ. ಪ್ರತಿ ತೂತಿನ ಮೇಲೆ ಒಂದೊಂದು ಹೆಂಚಿನ ಚೂರನ್ನು ಬೋರಲಾಗಿ ಇಟ್ಟರೆ ಸಾಕು. ಕುಂಡವನ್ನು ನೇರ ನೆಲಕ್ಕೆ ಕೂರಿಸದೆ ಎರಡು ಇಟ್ಟಿಗೆಯ ಮೇಲಿಡಿ. ನೀರು ಸರಾಗ ಹೋಗುತ್ತದೆ, ತಾರಸಿಗೆ ಪಾಚಿ ಕಟ್ಟುವುದಿಲ್ಲ.

ನೀರು ಕುಡಿದ 12 ಇಂಚಿನ ಕುಂಡ ಹೆಚ್ಚುಕಡಿಮೆ 15–20 ಕೆ.ಜಿ. ತೂಗುತ್ತದೆ. ತಾರಸಿಯಲ್ಲಾದರೆ ನಟ್ಟನಡುವೆ ಗುಂಪು ಮಾಡದೆ ತೊಲೆ, ಗೋಡೆಗಳಿರುವ ಅಂಚಿನುದ್ದಕ್ಕೂ ಜೋಡಿಸಿ. ಬಾಲ್ಕನಿಯ ಕಂಬಿಗೆ ತೂಗುಹಾಕುವಾಗ ಕೆಳಗೆ ಓಡಾಡುವವರ ತಲೆಯ ಯೋಚನೆ ಇರಲಿ. ತಂತಿಯಿಂದ ಕಟ್ಟದ ಕುಂಡವನ್ನು ಅಲ್ಲಿ ಇಡಲೇಬಾರದು.

## ಹಂತ 4: ಮಣ್ಣು ಕಲಸುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಬರಿಯ ಕೆಂಪು ಮಣ್ಣು ತುಂಬಿದ ಕುಂಡ ಹತ್ತು ಸಲ ನೀರು ಹಾಕುವಷ್ಟರಲ್ಲಿ ಇಟ್ಟಿಗೆಯಾಗುತ್ತದೆ. ನೀರು ಅಂಚಿನ ಬಿರುಕಿನಿಂದ ಜಾರಿ ಕೆಳಗಿಳಿಯುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಬರಿಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಆದರೆ ತೇವ ಹಿಡಿಯುತ್ತದೆ, ಆದರೆ ಗಿಡಕ್ಕೆ ಊಟವಿಲ್ಲ.

12 ಇಂಚಿನ ಒಂದು ಕುಂಡಕ್ಕೆ ಸುಮಾರು 15 ಲೀಟರ್ ಮಿಶ್ರಣ ಬೇಕು: ಜರಡಿ ಹಿಡಿದ ಕೆಂಪು ಮಣ್ಣು 5 ಲೀಟರ್, ತೊಳೆದ ಕೋಕೋಪೀಟ್ 5 ಲೀಟರ್, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 5 ಲೀಟರ್, ಜೊತೆಗೆ ಒಂದು ಹಿಡಿ, ಎಂದರೆ ಸುಮಾರು 50 ಗ್ರಾಂ, ಬೇವಿನ ಹಿಂಡಿ. ಧಾರವಾಡ, ವಿಜಯಪುರ ಕಡೆಯ ಕಪ್ಪು ಎರೆಮಣ್ಣು ಒಣಗಿದಾಗ ಬಿರಿಯುವುದರಿಂದ ಅದನ್ನು 3 ಲೀಟರಿಗೆ ಇಳಿಸಿ, 2 ಲೀಟರ್ ದಪ್ಪ ಮರಳು ಸೇರಿಸಿ.

ಕೋಕೋಪೀಟ್ ತೊಳೆಯುವುದು. 5 ಕೆ.ಜಿ.ಯ ಇಟ್ಟಿಗೆ ನೀರು ಕುಡಿದರೆ 70 ಲೀಟರಿನಷ್ಟು ಉಬ್ಬುತ್ತದೆ, ಬೇಕಾದಷ್ಟನ್ನೇ ಒಡೆದುಕೊಳ್ಳಿ. ನೆನೆಸಿದ ನೀರು ಕಡು ಚಹಾದ ಬಣ್ಣಕ್ಕೆ ಬರುತ್ತದೆ. ಅದನ್ನು ಚೆಲ್ಲಿ, ಹಿಂಡಿ, ಮತ್ತೆ ನೆನೆಸಿ. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಹೀಗೆ ಮಾಡಿ. ತೆಂಗಿನ ನಾರಿನಲ್ಲಿರುವ ಉಪ್ಪು ಹೋಗಬೇಕು. ಹೋಗದಿದ್ದರೆ ಎಳೆ ಸಸಿಯ ಎಲೆಯಂಚು ಸುಟ್ಟಂತಾಗುತ್ತದೆ.

ಗೊಬ್ಬರ ಕಳಿತಿದೆಯೇ ನೋಡುವುದು. ಮುಷ್ಟಿಯಲ್ಲಿ ಹಿಡಿದರೆ ಉದುರು ಉದುರಾಗಿರಬೇಕು, ಮೊದಲ ಮಳೆಗೆ ನೆಂದ ನೆಲದ ವಾಸನೆ ಇರಬೇಕು. ಸಗಣಿಯ ವಾಸನೆ, ಹುಲ್ಲಿನ ಎಳೆ, ಮುಟ್ಟಿದರೆ ಬಿಸಿ ಇದ್ದರೆ ಅದು ಹಸಿ. ಹಸಿ ಗೊಬ್ಬರ ಕುಂಡದೊಳಗೆ ಕಳಿಯುವಾಗ ಕಾವು ಏರಿ ಬೇರು ಸುಡುತ್ತದೆ, ಗೊಣ್ಣೆಹುಳು ಬೇರೆ. ಬೆಳ್ಳಗೆ, ದಪ್ಪಗೆ, ‘ಸಿ’ ಆಕಾರದಲ್ಲಿ ಸುರುಳಿ ಸುತ್ತಿಕೊಂಡ ಹುಳು ಕಂಡರೆ ಅದೇ. ಒಂದೊಂದನ್ನೂ ಆರಿಸಿ ತೆಗೆಯಿರಿ.

ಎಲ್ಲವನ್ನೂ ಟಾರ್ಪಾಲ್ ಮೇಲೆ ಕಲಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ನೆರಳಿನಲ್ಲಿ 7ರಿಂದ 10 ದಿನ ಬಿಡಿ. ನಡುವೆ ಎರಡು ಸಲ ತಿರುವಿ. ಹಿಂಡಿ ಕಳಿಯುವಾಗ ಬರುವ ಕಾವು ಕುಂಡಕ್ಕೆ ಹೋಗುವ ಮೊದಲೇ ಇಳಿಯಲಿ ಎಂದು ಈ ಕಾಯುವಿಕೆ. ಹತ್ತನೆಯ ದಿನ ಗುಡ್ಡೆಯೊಳಗೆ ಕೈ ಇಟ್ಟಾಗ ತಣ್ಣಗಿದ್ದರೆ ಸಿದ್ಧ.

ಹದ ನೋಡುವ ಬಗೆ: ಒಂದು ಹಿಡಿ ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿ ಕೈ ಬಿಚ್ಚಿ. ಉಂಡೆ ನಿಲ್ಲಬೇಕು, ಬೆರಳಿನಿಂದ ಮೆಲ್ಲಗೆ ಕುಕ್ಕಿದರೆ ಒಡೆಯಬೇಕು. ಉಂಡೆಯೇ ಆಗದಿದ್ದರೆ ಒಣಗಿದೆ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಹೆಚ್ಚಾಗಿದೆ. ಕುಂಡದ ಅಂಚಿಗೆ ಒಂದೂವರೆ ಇಂಚು ಬಿಟ್ಟು ತುಂಬಿ. ಕೈಯಿಂದ ಒತ್ತಬೇಡಿ, ನೆಲಕ್ಕೆ ಎರಡು ಸಲ ಕುಟ್ಟಿದರೆ ತಾನಾಗಿ ಕೂರುತ್ತದೆ.

## ಹಂತ 5: ನೇರ ಬಿತ್ತುವ ಬೆಳೆಗಳು

ಮೆಂತ್ಯ, ಕೊತ್ತಂಬರಿ, ದಂಟು, ಪಾಲಕ್, ಬೆಂಡೆ, ಬೀನ್ಸ್, ಮೂಲಂಗಿ ಇವನ್ನು ಬೆಳೆಯುವ ಕುಂಡದಲ್ಲೇ ಬಿತ್ತಬೇಕು. ಬೀಜವನ್ನು ಅದರ ದಪ್ಪದ ಎರಡರಷ್ಟು ಆಳಕ್ಕೆ ಮುಚ್ಚುವುದು ಎಲ್ಲಕ್ಕೂ ಅನ್ವಯಿಸುವ ಲೆಕ್ಕ.

ಕೊತ್ತಂಬರಿ. ಅಡುಗೆಮನೆಯ ಧನಿಯ ಒಂದು ಬೀಜವಲ್ಲ, ಎರಡು ಬೀಜ ಸೇರಿದ ಗುಂಡು ಕಾಯಿ. ಹಾಗೇ ಹಾಕಿದರೆ ಕೆಲವೇ ಹುಟ್ಟುತ್ತವೆ. ಬಟ್ಟೆಯ ಮೇಲೆ ಹರಡಿ ಲಟ್ಟಣಿಗೆಯನ್ನು ಭಾರ ಹಾಕದೆ ಉರುಳಿಸಿ. ‘ಟಕ್’ ಎಂದು ಎರಡು ಹೋಳಾಗಬೇಕು, ಪುಡಿಯಾಗಬಾರದು. ಹೋಳುಗಳನ್ನು 8 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಆಮೇಲೆ 4 ಇಂಚಿಗೊಂದು ಸಾಲು ಕೊರೆದು 1 ಸೆಂ.ಮೀ. ಆಳಕ್ಕೆ ಹಾಕಿ. ಮೇಲೆ ಹೇಳಿದ ಟ್ರೇಗೆ ಒಂದು ಟೀ ಚಮಚ ಸಾಕು. ಹುಟ್ಟಲು 8ರಿಂದ 12 ದಿನ ಬೇಕು. ಆರನೆಯ ದಿನವೇ ಮಣ್ಣು ಕೆದಕಿ ನೋಡುವವರು ಮೊಳಕೆಯನ್ನು ತಾವೇ ಮುರಿಯುತ್ತಾರೆ. 15 ದಿನ ಕಾಯಿರಿ.

ಮೆಂತ್ಯ. ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿ. ಮೂರು ನಾಲ್ಕು ದಿನಕ್ಕೆ ಹುಟ್ಟುತ್ತದೆ.

ದಂಟು, ಹರಿವೆ. ಬೀಜ ರಾಗಿಗಿಂತಲೂ ಸಣ್ಣದು. ಒಂದು ಚಿಟಿಕೆಯನ್ನು ಹತ್ತರಷ್ಟು ಒಣ ಮರಳಿನೊಂದಿಗೆ ಬೆರೆಸಿ ಎರಚಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಇರುವೆಗಳು ಸಾಲುಗಟ್ಟಿ ಬೀಜ ಹೊತ್ತೊಯ್ಯುತ್ತವೆ. ‘ಹುಟ್ಟಲೇ ಇಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಅವೇ ಇರುತ್ತವೆ. ಹುಟ್ಟುವವರೆಗೆ ಟ್ರೇ ಕೆಳಗಿನ ಇಟ್ಟಿಗೆಗಳನ್ನು ನೀರಿನ ತಟ್ಟೆಯಲ್ಲಿಟ್ಟರೆ ಅವು ಹತ್ತಲಾರವು. ಆ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ, ಸೊಳ್ಳೆ ಮೊಟ್ಟೆಯಿಡದಂತೆ.

ಬೆಂಡೆ. 8–10 ಗಂಟೆ ನೆನೆಸಿ, ಒಂದು ಗುಳಿಗೆ ಎರಡು ಬೀಜ ಹಾಕಿ. ಎರಡೂ ಹುಟ್ಟಿದರೆ ಬಡಕಲಾದದ್ದನ್ನು ಬುಡದಲ್ಲಿ ಕತ್ತರಿಸಿ. ಕಿತ್ತರೆ ಉಳಿಯಬೇಕಾದ ಗಿಡದ ಬೇರೂ ಅಲ್ಲಾಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಹಳದಿ ನರ ರೋಗ ತಡೆಯಲೆಂದೇ ಬಂದದ್ದು.

ಬೀಜದ ಪೊಟ್ಟಣ ಕೊಳ್ಳುವಾಗ ಪರೀಕ್ಷೆಯಾದ ದಿನಾಂಕ, ಬಳಸಬೇಕಾದ ಅವಧಿ ಎರಡನ್ನೂ ಓದಿ. ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ, ಮೊಳಕೆ ಕಟ್ಟಿ ತಿನ್ನಲು ಬಳಸಲೇಬೇಡಿ.

## ಹಂತ 6: ಸಸಿ ಮಾಡಿ ನಾಟಿ ಮಾಡುವ ಬೆಳೆಗಳು

ಟೊಮೆಟೊ, ಮೆಣಸಿನಕಾಯಿ, ಬದನೆ, ಚೆಂಡುಹೂ ಇವುಗಳಿಗೆ ಮೊದಲು ಸಸಿ ಬೇಕು. ಪ್ರೋ ಟ್ರೇ (ಸಸಿ ಬೆಳೆಸುವ ಗುಳಿಗಳಿರುವ ತಟ್ಟೆ) ಅಥವಾ ತಳಕ್ಕೆ ತೂತು ಹಾಕಿದ ಕಾಗದದ ಲೋಟಕ್ಕೆ ಮೂರು ಪಾಲು ತೊಳೆದ ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ ತುಂಬಿ. ಲೋಟಕ್ಕೊಂದು ಬೀಜ, ಅರ್ಧ ಸೆಂ.ಮೀ. ಆಳ. ಚೆಂಡುಹೂ 4–5 ದಿನಕ್ಕೆ ಹುಟ್ಟುತ್ತದೆ, ಟೊಮೆಟೊ 5–8, ಮೆಣಸಿನಕಾಯಿ 8–12 ದಿನಕ್ಕೆ.

ಮೊದಲ ಮೊಳಕೆ ಕಂಡ ದಿನವೇ ಟ್ರೇಯನ್ನು ಬೆಳಗಿನ ಬಿಸಿಲಿಗೆ ತರಬೇಕು. ‘ಇನ್ನೂ ಎಳೆಯದು’ ಎಂದು ಒಳಗಿಟ್ಟರೆ ಎರಡೇ ದಿನಕ್ಕೆ ಕಾಂಡ ದಾರದಂತೆ ಉದ್ದವಾಗಿ ಒಂದು ಕಡೆಗೆ ಬಾಗುತ್ತದೆ. ಟೊಮೆಟೊ ಆದರೆ ನಾಟಿಯಲ್ಲಿ ಆಳಕ್ಕೆ ಹೂತು ಸರಿಮಾಡಬಹುದು. ಮೆಣಸಿನಕಾಯಿ, ಬದನೆಯ ಅಂಥ ಸಸಿಯನ್ನು ಬಿಟ್ಟು ಹೊಸದಾಗಿ ಬಿತ್ತುವುದೇ ಲೇಸು.

ಎಚ್ಚರಿಕೆಯ ಗುರುತು: ರಾತ್ರಿ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಲಗಿದೆ, ಮಣ್ಣಿಗೆ ತಾಗುವ ಕಡೆ ಕಾಂಡ ಹಿಂಡಿದಂತೆ ಸಣ್ಣಗಾಗಿದೆ ಎಂದರೆ ಸಸಿ ಕೊಳೆರೋಗ. ಆ ಲೋಟವನ್ನು ದೂರ ಎಸೆಯಿರಿ. ಉಳಿದವಕ್ಕೆ ನೀರು ಕಡಿಮೆ ಮಾಡಿ, ಗಾಳಿಯಾಡುವ ಕಡೆ ಇಡಿ. ಸಂಜೆ ನೀರು ಹಾಕಿ ರಾತ್ರಿಯಿಡೀ ಒದ್ದೆ ಬಿಡುವುದು ಇದರ ಮುಖ್ಯ ಕಾರಣ.

ಟೊಮೆಟೊ ಸಸಿ 25–30 ದಿನಕ್ಕೆ, ಚೆಂಡುಹೂ 25 ದಿನಕ್ಕೆ, ಮೆಣಸಿನಕಾಯಿ 35–40 ದಿನಕ್ಕೆ ನಾಟಿಗೆ ಬರುತ್ತದೆ. ನಾಟಿಗೆ ಮುಂಚಿನ ಐದಾರು ದಿನ ಬಿಸಿಲಿನ ಹೊತ್ತನ್ನು ದಿನಕ್ಕೊಂದು ಗಂಟೆಯಂತೆ ಹೆಚ್ಚಿಸಿ. ನಾಟಿ ಸಂಜೆಗೇ ಮಾಡಿ. ಟೊಮೆಟೊದ ಕೆಳಗಿನ ಎಲೆ ಚಿವುಟಿ, ಕಾಂಡದ ಅರ್ಧದಷ್ಟು ಹೂಳಿ. ಹೂತ ಕಾಂಡದುದ್ದಕ್ಕೂ ಬೇರು ಬರುತ್ತದೆ. ಉಳಿದ ಯಾವ ಸಸಿಯನ್ನೂ ಅದು ಲೋಟದಲ್ಲಿದ್ದ ಮಟ್ಟಕ್ಕಿಂತ ಆಳಕ್ಕೆ ಹೂಳಬೇಡಿ.

ಪುದೀನಕ್ಕೆ ಬೀಜದ ತಂಟೆಯೇ ಬೇಡ. ಸಂತೆಯ ಕಟ್ಟಿನಿಂದ ಗಟ್ಟಿ ಕಾಂಡ ಆರಿಸಿ, 5 ಇಂಚಿಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿಡಿ. ಒಂದು ವಾರ ಹತ್ತು ದಿನಕ್ಕೆ ಗೆಣ್ಣಿನಲ್ಲಿ ಬಿಳಿ ಬೇರು ಕಂಡಾಗ ನೆಡಿ. ಅದಕ್ಕೆ ಒಂಟಿ ಕುಂಡ ಕೊಡಿ, ಪಕ್ಕದವರನ್ನು ಅದು ಬದುಕಗೊಡುವುದಿಲ್ಲ. ದೊಡ್ಡಪತ್ರೆಯ ಕೊಂಬೆಯನ್ನು ನೇರ ಮಣ್ಣಿಗೆ ಚುಚ್ಚಿದರೂ ಸಾಕು.

## ಹಂತ 7: ನೀರು

ಕುಂಡದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಹೆಚ್ಚು. ಗಡಿಯಾರ ನೋಡಿ ಹಾಕಬೇಡಿ, ಬೆರಳು ಇಟ್ಟು ನೋಡಿ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತುದಿಗೆ ತಣ್ಣನೆಯ ತೇವ ತಾಗಿ ಮಣ್ಣು ಅಂಟಿದರೆ ಇವತ್ತು ನೀರು ಬೇಡ. ಬೆರಳು ಒಣಗಿಯೇ ಬಂದರೆ ಹಾಕಿ. ಮೇಲ್ಮೈ ಬೆಳ್ಳಗಾಗಿದೆ ಎಂಬುದು ಸಾಕ್ಷಿಯಲ್ಲ, ಒಂದಿಂಚು ಕೆಳಗೆ ಹದವಾಗಿಯೇ ಇರಬಹುದು.

ಹಾಕುವಾಗ ತಳದ ತೂತಿನಿಂದ ಹನಿಯುವವರೆಗೆ ಹಾಕಿ. ದಿನವೂ ಒಂದು ಲೋಟ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಒಂದು ದಿನದ ಬಿಸಿಲಿಗೆ ಗಿಡ ಜೋತುಬೀಳುತ್ತದೆ. ಮಾರ್ಚ್–ಮೇನಲ್ಲಿ ಕಾಯಿ ಹಿಡಿದ ಟೊಮೆಟೊಗೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕಾಗಬಹುದು. ಅದೇ ಗಿಡಕ್ಕೆ ಡಿಸೆಂಬರ್‌ನಲ್ಲಿ ಎರಡು ದಿನಕ್ಕೊಮ್ಮೆ ಸಾಕು. ಬೆಳಿಗ್ಗೆ 8ರೊಳಗೆ, ಬುಡಕ್ಕೆ ಹಾಕಿ. ಮೇಲೆ ಎರಡು ಇಂಚು ಒಣ ಎಲೆ ಹಾಸಿದರೆ ತೇವ ನಿಲ್ಲುತ್ತದೆ.

ಮಧ್ಯಾಹ್ನ 2 ಗಂಟೆಗೆ ಎಲೆ ಜೋತರೆ ಗಾಬರಿ ಬೇಡ, ಸಂಜೆಗೆ ಏಳುತ್ತದೆ. ಬೆಳಿಗ್ಗೆಯೇ ಜೋತಿದ್ದು ಮಣ್ಣು ಒದ್ದೆಯಾಗಿದ್ದರೆ ಅದು ಬೇರು ಕೊಳೆತ ಸೂಚನೆ. ಆಗ ಇನ್ನಷ್ಟು ನೀರು ಹಾಕುವುದೇ ಎಲ್ಲರೂ ಮಾಡುವ ತಪ್ಪು.

ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಚೆಲ್ಲುವ ತ್ಯಾಜ್ಯ ನೀರಿನಲ್ಲಿ ಲವಣ ಒತ್ತಾಗಿರುತ್ತದೆ, ಗಡಸು ನೀರನ್ನು ಮೆದುಮಾಡುವ ಸಾಫ್ಟ್‌ನರ್ ದಾಟಿದ ನೀರಿನಲ್ಲಿ ಸೋಡಿಯಂ. ಎರಡೂ ಕುಂಡಕ್ಕೆ ಸಲ್ಲವು. ಕೊಳವೆಬಾವಿ ನೀರಿನಿಂದ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ತಿಂಗಳಿಗೊಮ್ಮೆ ಮಳೆನೀರನ್ನೋ ಸಿಹಿನೀರನ್ನೋ ಧಾರಾಳ ಹಾಕಿ, ತಳದಿಂದ ಹರಿದುಹೋಗಲು ಬಿಡಿ.

## ಹಂತ 8: ಗೊಬ್ಬರ

ನಾಟಿಯಾದ ಮೊದಲ ಮೂರು ವಾರ ಏನೂ ಬೇಡ, ಮಣ್ಣಿನಲ್ಲಿರುವುದೇ ಸಾಕು. ಆಮೇಲೆ 15 ದಿನಕ್ಕೊಮ್ಮೆ 12 ಇಂಚಿನ ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ. ಮೊಗ್ಗು ಕಂಡಾಗಿನಿಂದ ಹಿಂಡಿ ನೀರು ಸೇರಿಸಬಹುದು: 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು 1 ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಸೋಸಿ, ಹತ್ತರಷ್ಟು ನೀರು ಬೆರೆಸಿ, ಗಿಡಕ್ಕೆ ಅರ್ಧ ಲೀಟರ್. ನೀರು ಬೆರೆಸದೆ ಹಾಕಿದರೆ ಗಿಡ ಸುಡುತ್ತದೆ.

ಬಾಳೆಸಿಪ್ಪೆ, ಚಹಾ ಚರಟ, ಮೊಟ್ಟೆ ಸಿಪ್ಪೆಗಳನ್ನು ನೇರ ಕುಂಡಕ್ಕೆ ಸುರಿಯಬೇಡಿ. ಕಳಿಯದೆ ಗಿಡಕ್ಕೆ ಏನೂ ಸಿಗುವುದಿಲ್ಲ, ನೊಣ, ಜಿರಲೆ, ಇರುವೆಗಳಿಗೆ ಮಾತ್ರ ಸಿಗುತ್ತದೆ. ಕಾಂಪೋಸ್ಟ್ ಡಬ್ಬಕ್ಕೆ ಹಾಕಿ ಎರಡು ಮೂರು ತಿಂಗಳ ನಂತರ ತನ್ನಿ. ಗಿಡ ಕಡುಹಸಿರಾಗಿ ಸೊಂಪಾಗಿದ್ದೂ ಹೂ ಬಿಡುತ್ತಿಲ್ಲವೆಂದರೆ ಸಾರಜನಕ ಹೆಚ್ಚಾಗಿದೆ ಎಂದರ್ಥ, ಒಂದು ತಿಂಗಳು ಗೊಬ್ಬರ ನಿಲ್ಲಿಸಿ.

## ಹಂತ 9: ಹೂವು ಕಾಯಾಗುವ ಹೊತ್ತು

ಟೊಮೆಟೊಗೆ ನಾಟಿಯ ದಿನವೇ ಕಡ್ಡಿ ನೆಡಿ. ದೊಡ್ಡದಾದ ಮೇಲೆ ಚುಚ್ಚಿದರೆ ಬೇರು ತುಂಡಾಗುತ್ತದೆ. ಬಟ್ಟೆಪಟ್ಟಿಯನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ.

ಹೂ ಉದುರುವುದಕ್ಕೆ ಮೂರು ಕಾರಣ: ಹಗಲು 35 ಡಿಗ್ರಿ ದಾಟಿದ ಬಿಸಿಲು, ಒಮ್ಮೆ ಒಣಗಿಸಿ ಒಮ್ಮೆ ಮುಳುಗಿಸುವ ನೀರು, ಗಾಳಿಯೇ ಆಡದ ಬಾಲ್ಕನಿ. ಕೊನೆಯದಕ್ಕೆ ಸುಲಭ ಪರಿಹಾರವಿದೆ. ಬೆಳಿಗ್ಗೆ 9ರಿಂದ 11ರೊಳಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೂರು ನಾಲ್ಕು ಸಲ ಮೆಲ್ಲಗೆ ತಟ್ಟಿ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಭಾಗ ಎರಡೂ ಇರುವುದರಿಂದ ಅಷ್ಟು ಅಲುಗಾಟಕ್ಕೇ ಪರಾಗ ಉದುರುತ್ತದೆ. ಸೋರೆ, ಕುಂಬಳ, ಹೀರೆಯಲ್ಲಿ ಹಾಗಲ್ಲ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ. ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಸವರಿ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಗುಳಿ ಬಿದ್ದರೆ ಅದು ರೋಗವಲ್ಲ. ನೀರಿನ ಏರುಪೇರಿನಿಂದ ಸುಣ್ಣದಂಶ ಕಾಯಿಗೆ ತಲುಪಿಲ್ಲ. ಮೊಟ್ಟೆ ಸಿಪ್ಪೆ ಸುರಿದರೆ ಈ ಬೆಳೆಗೆ ಉಪಯೋಗವಿಲ್ಲ. ನೀರನ್ನು ಒಂದೇ ಸಮ ಕೊಡಿ, ಮುಂದಿನ ಗೊಂಚಲು ಸರಿಯಾಗಿ ಬರುತ್ತದೆ.

## ಹಂತ 10: ಹೂಗಿಡಗಳು

ಚೆಂಡುಹೂ ದಸರೆಗೆ ಬೇಕಿದ್ದರೆ ಹಬ್ಬಕ್ಕೆ 75 ದಿನ ಮುಂಚೆ ಬಿತ್ತಿ. ನಾಟಿಯಾಗಿ ಹತ್ತು ಹದಿನೈದು ದಿನಕ್ಕೆ, ಗಿಡ ಗೇಣುದ್ದವಾದಾಗ, ನೆತ್ತಿಯ ಕುಡಿ ಚಿವುಟಿ. ಮನಸ್ಸು ಬಾರದೆ ಬಿಟ್ಟರೆ ಒಂದೇ ಕಾಂಡ, ಮೂರೇ ಹೂವು. ಚಿವುಟಿದರೆ ಪಕ್ಕದಿಂದ ಆರೆಂಟು ಕವಲು ಒಡೆಯುತ್ತವೆ.

ಸೇವಂತಿಗೆಯ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಅದರಲ್ಲಿ ಸೋಲುವವರೇ ಬಹಳ. ಅದು ಹೂ ಬಿಡುವುದು ರಾತ್ರಿ ಉದ್ದವಾದಾಗ. ಉದ್ದನೆಯ, ತಡೆಯಿಲ್ಲದ ಕತ್ತಲೆ ಸಿಕ್ಕರೆ ಮಾತ್ರ ಮೊಗ್ಗು ಕಟ್ಟುತ್ತದೆ. ಬೀದಿದೀಪದ ಅಥವಾ ರಾತ್ರಿಯಿಡೀ ಉರಿಯುವ ಪೋರ್ಟಿಕೋ ದೀಪದ ಬೆಳಕು ಬೀಳುವ ಕಡೆ ಇಟ್ಟ ಗಿಡ ಎಲೆ ಬಿಡುತ್ತಲೇ ಇರುತ್ತದೆ, ಹೂವಿಲ್ಲ. ಗೊಬ್ಬರ ಬದಲಿಸಿ ಫಲವಿಲ್ಲ, ಕುಂಡದ ಜಾಗ ಬದಲಿಸಿ. ಹೂ ಮುಗಿದ ಮೇಲೆ ಗಿಡವನ್ನು ಮಣ್ಣಿನಿಂದ 4 ಇಂಚಿಗೆ ಕತ್ತರಿಸಿ. ಬುಡದಿಂದ ಬರುವ ಮರಿಗಳನ್ನು ಬೇರುಸಹಿತ ಬೇರ್ಪಡಿಸಿ ನೆಡಿ, ತಿಂಗಳಿಗೊಮ್ಮೆ ಕುಡಿ ಚಿವುಟಿ. ಆಗಸ್ಟ್ ನಡುವಿನ ಹೊತ್ತಿಗೆ ಚಿವುಟುವುದು ನಿಲ್ಲಬೇಕು. ಆಮೇಲೂ ಚಿವುಟಿದರೆ ಮೊಗ್ಗೇ ಹೋಗುತ್ತದೆ.

ನರ್ಸರಿಯಿಂದ ಹೂಬಿಟ್ಟ ಗಿಡ ತಂದ ದಿನವೇ ಕುಂಡ ಬದಲಿಸಬೇಡಿ. ಒಂದು ವಾರ ಅರೆನೆರಳಿನಲ್ಲಿ ಹಾಗೇ ಇರಲಿ. ಆಮೇಲೆ ಕವರ್ ಬಿಡಿಸಿದಾಗ ಬೇರಿನ ಸುತ್ತ ಜಿಗುಟು ಮಣ್ಣಿನ ಗಟ್ಟಿ ಉಂಡೆ ಇದ್ದರೆ ಹಾಗೇ ಹೂಳಬೇಡಿ. ಹೊರಗಿನ ಮಿಶ್ರಣದಲ್ಲಿ ಹಾಕಿದ ನೀರು ಆ ಉಂಡೆಯೊಳಗೆ ಇಳಿಯುವುದಿಲ್ಲ. ಸುತ್ತ ಮಣ್ಣು ಒದ್ದೆ, ನಡುವೆ ಬೇರು ಒಣ. ಬಕೆಟ್ ನೀರಿನಲ್ಲಿ ಉಂಡೆಯನ್ನು ಅರ್ಧ ಗಂಟೆ ನೆನೆಸಿ, ಹೊರಗಿನ ಮೂರನೆಯ ಒಂದು ಭಾಗ ಬೆರಳಿನಿಂದ ಸಡಿಲಿಸಿ ನೆಡಿ.

ಮಲ್ಲಿಗೆಯ ಕೊಂಬೆಗಳನ್ನು ನವೆಂಬರ್ ಕೊನೆಗೆ ಕತ್ತರಿಸಿ ಸವರಿದರೆ ಮಾರ್ಚ್‌ನಿಂದ ಮೊಗ್ಗು.

## ಹಂತ 11: ಹುಳ, ರೋಗ

ವಾರಕ್ಕೆ ಎರಡು ಸಲ ಎಲೆಯ ಅಡಿಭಾಗ ತಿರುಗಿಸಿ ನೋಡಿ. ಗಿಡದ ಮೇಲೆ ಇರುವೆ ಹತ್ತಿ ಇಳಿಯುತ್ತಿದ್ದರೆ ಮೇಲೆಲ್ಲೋ ಗಿಡಹೇನು ಅಥವಾ ಹಿಟ್ಟುತಿಗಣೆ ಇದೆ. ಅವು ಸ್ರವಿಸುವ ಸಿಹಿಗೆ ಇರುವೆ ಬರುತ್ತದೆ. ಗಿಡಹೇನಿಗೆ ಮೂರು ದಿನ ಬೆಳಿಗ್ಗೆ ಜೋರಾಗಿ ನೀರು ಚಿಮ್ಮಿಸಿದರೇ ಬಹುಪಾಲು ಹೋಗುತ್ತದೆ.

ಮೆಣಸಿನಗಿಡದ ಕುಡಿ ಎಲೆ ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್ ಎಂಬ ಪುಟ್ಟ ಕೀಟ, ಕೆಳಕ್ಕೆ ಮಡಚಿ ತೊಟ್ಟು ಉದ್ದವಾದರೆ ಮೈಟ್ ನುಸಿ. ಬಿಳಿ ಕಾಗದ ಹಿಡಿದು ಅದರ ಮೇಲೆ ಕುಡಿಯನ್ನು ತಟ್ಟಿ. ಥ್ರಿಪ್ಸ್ ಆಗಿದ್ದರೆ ಗೆರೆಯಂಥ ಸಣ್ಣ ಚುಕ್ಕಿಗಳು ಓಡಾಡುವುದು ಕಾಣುತ್ತದೆ. ಮೈಟ್ ಬರಿಗಣ್ಣಿಗೆ ಕಾಣದು.

ಬೇವಿನೆಣ್ಣೆ ಸಿಂಪಡಣೆ: 5 ಮಿ.ಲೀ. ಬೇವಿನೆಣ್ಣೆಗೆ ಮೊದಲು 1–2 ಮಿ.ಲೀ. ಪಾತ್ರೆ ತೊಳೆಯುವ ದ್ರವ ಸೋಪು ಸೇರಿಸಿ ಕಲಸಿ, ಆಮೇಲೆ 1 ಲೀಟರ್ ಉಗುರುಬೆಚ್ಚನೆಯ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕುಲುಕಿ. ಹಾಲಿನ ಬಣ್ಣಕ್ಕೆ ಬರಬೇಕು. ಎಣ್ಣೆ ತೇಲಿದರೆ ಎಲೆ ಸುಡುತ್ತದೆ. ಎರಡು ಎಲೆಗೆ ಹೊಡೆದು ಒಂದು ದಿನ ನೋಡಿ, ಸಂಜೆಯ ಹೊತ್ತು ಎಲೆಯ ಅಡಿಗೆ ಬೀಳುವಂತೆ ಸಿಂಪಡಿಸಿ. 7 ದಿನಕ್ಕೊಮ್ಮೆ, ಮೂರು ಸಲ. ಉಳಿದದ್ದನ್ನು ನಾಳೆಗೆ ಇಡಬೇಡಿ.

ಔಷಧಿಯಿಲ್ಲದ ಎರಡು ಸ್ಥಿತಿಗಳಿವೆ. ಬೆಂಡೆ ಎಲೆಯ ನರಗಳು ಬಲೆಯಂತೆ ಹಳದಿಯಾದರೆ ಅಥವಾ ಟೊಮೆಟೊ ಕುಡಿ ಮುದುಡಿ ಗಿಡ ಕುಬ್ಜವಾದರೆ ಅದು ಬಿಳಿನೊಣ ಹರಡುವ ವೈರಸ್. ಕಿತ್ತು ಚೀಲಕ್ಕೆ ಹಾಕಿ ಹೊರಹಾಕಿ, ಪಕ್ಕದ ಗಿಡಗಳಾದರೂ ಉಳಿಯಲಿ. ಎರಡನೆಯದು, ಹಸಿರಾಗಿರುವಾಗಲೇ ಟೊಮೆಟೊ ಅಥವಾ ಬದನೆ ಗಿಡ ಒಂದೆರಡು ದಿನದಲ್ಲಿ ಸೊರಗಿ ಬೀಳುವುದು. ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗಿಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಕಡೆಯಿಂದ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಆ ಕುಂಡದ ಮಣ್ಣಿಗೆ ಟೊಮೆಟೊ, ಬದನೆ, ಮೆಣಸಿನಕಾಯಿ ಮತ್ತೆ ಹಾಕಬೇಡಿ. ಕರಣೆ, ಕತ್ತರಿಯನ್ನು ಸೋಪಿನಲ್ಲಿ ತೊಳೆದು ಬಿಸಿಲಿಗಿಡಿ. ಅರ್ಕಾ ರಕ್ಷಕ್ ಎಂಬ ಟೊಮೆಟೊ ಹೈಬ್ರಿಡ್‌ಗೆ ಎಲೆ ಮುದುಡು ವೈರಸ್, ಈ ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡೆಯುವ ಶಕ್ತಿಯಿದೆ. ಒಮ್ಮೆ ಸೋತವರು ಆ ಬೀಜ ಹುಡುಕಿ. ಆದರೆ ಹೈಬ್ರಿಡ್ ಹಣ್ಣಿನ ಬೀಜ ಕಾಪಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ.

## ಹಂತ 12: ಕೊಯ್ಲು, ಮತ್ತು ಅದೇ ಮಣ್ಣಿನ ಮರುಬಳಕೆ

ಬೆಂಡೆ ಹೂಬಿಟ್ಟು ಐದಾರು ದಿನಕ್ಕೆ ಕೊಯ್ಯಬೇಕು. ತುದಿ ಮುರಿದಾಗ ‘ಚಟ್’ ಎನ್ನಬೇಕು, ಬಾಗಿದರೆ ನಾರಾಗಿದೆ. ಎರಡು ದಿನಕ್ಕೊಮ್ಮೆ ಕೊಯ್ದಷ್ಟೂ ಹೊಸ ಕಾಯಿ. ಕೊತ್ತಂಬರಿಯನ್ನು 35–40 ದಿನಕ್ಕೆ ಹೊರಗಿನ ಕಡ್ಡಿಗಳಿಂದ ಕತ್ತರಿಸಿ, ನಡುವಿನ ಕುಡಿ ಬಿಡಿ. ಎಲೆ ಸಬ್ಬಸಿಗೆಯಂತೆ ಸಣ್ಣಗೆ ಸೀಳಿಕೊಂಡರೆ ಹೂವಿಗೆ ಹೊರಟಿದೆ, ಅವತ್ತೇ ಪೂರ್ತಿ ಕಿತ್ತುಬಿಡಿ. ಸೊಪ್ಪು ಮನೆಗೆ ತಪ್ಪದೆ ಸಿಗಬೇಕಾದರೆ 15 ದಿನಕ್ಕೊಂದು ಹೊಸ ಟ್ರೇ ಬಿತ್ತಬೇಕು. ತುಳಸಿಯ ಕದಿರನ್ನು ಕಂಡ ಕೂಡಲೇ ಚಿವುಟುತ್ತಿದ್ದರೆ ಎಲೆ ಬರುತ್ತಲೇ ಇರುತ್ತದೆ.

ಬೆಳೆ ಮುಗಿದ ರೋಗವಿಲ್ಲದ ಕುಂಡದ ಮಣ್ಣನ್ನು ಎಸೆಯಬೇಡಿ. ಟಾರ್ಪಾಲ್ ಮೇಲೆ ಎರಡು ಇಂಚು ದಪ್ಪಕ್ಕೆ ಹರಡಿ, ಬೇರು ಆರಿಸಿ, ನಾಲ್ಕೈದು ದಿನ ಬಿಸಿಲಿಗೆ ಒಣಗಿಸಿ. ಮೂರು ಪಾಲಿಗೆ ಒಂದು ಪಾಲು ಹೊಸ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ, ಮತ್ತೆ ಒಂದು ವಾರ ತೇವದಲ್ಲಿ ಮುಚ್ಚಿಡಿ. ಟೊಮೆಟೊ ಇದ್ದ ಮಣ್ಣಿಗೆ ಮುಂದಿನ ಸಲ ಬೀನ್ಸ್ ಅಥವಾ ಮೆಂತ್ಯ ಬಿತ್ತಿ.